‘ಫೋಕ್ಸ್’ ಯಾರಿಗೆ ಹೇಳಬಹುದು, ಯಾರಿಗೆ ಬೇಡ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಚೇರಿಗಳಲ್ಲಿ ಬೆಳಗಿನ ಸಭೆ ‘ಗುಡ್ ಮಾರ್ನಿಂಗ್ ಸರ್’ ಎಂದು ಶುರುವಾಗುವ ಕಾಲ ಹೋಗುತ್ತಿದೆ. ಈಗ ‘ಹಾಯ್ ಫೋಕ್ಸ್’ ಎನ್ನುತ್ತಾರೆ. ಮಂಡ್ಯ, ಮದ್ದೂರು, ಪಾಂಡವಪುರದಿಂದ ರೈಲು ಹಿಡಿದು ಕೆಲಸಕ್ಕೆ ಬರುವ ಹೊಸಬರು ಅದನ್ನು ಕೇಳಿಸಿಕೊಂಡು ತಾವೂ ಬಳಸುತ್ತಾರೆ. ಬಳಸಿದ ಮೇಲೆ ಎದುರಿನವರ ಮುಖ ನೋಡುತ್ತಾರೆ, ಸರಿಯಾಯಿತೋ ಇಲ್ಲವೋ ಎಂದು. ನಿಘಂಟು ತೆಗೆದರೆ ‘ಜನ’ ಎಂಬ ಅರ್ಥ ಸಿಗುತ್ತದೆ. ಸುಳ್ಳಲ್ಲ, ಆದರೆ ಅಷ್ಟನ್ನೇ ನಂಬಿಕೊಂಡು ಹೊರಟವರು ದಾರಿ ತಪ್ಪುತ್ತಾರೆ. ನನ್ನ ಮಟ್ಟಿಗೆ ಈ ಪದಕ್ಕೆ ತೀರ ಹತ್ತಿರದ ಕನ್ನಡ ‘ಜನ’ ಅಲ್ಲ. ‘ಬ್ಯಾಂಕಿನವರು’, ‘ಪಕ್ಕದ ಮನೆಯವರು’ ಎನ್ನುವಾಗ ಕೊನೆಯಲ್ಲಿ ಬರುತ್ತದಲ್ಲ, ಆ ‘ಅವರು’. ಅಲ್ಲಿಗೆ ಹೋಗುವ ಮುನ್ನ ಒಂದೆರಡು ಸಣ್ಣ ಕೆಲಸ ಮುಗಿಸೋಣ.

ಮೊದಲು ಉಚ್ಚಾರಣೆ

ಬರೆಯುವಾಗ ಈ ಪದದ ನಡುವೆ ‘ಎಲ್’ ಅಕ್ಷರವಿದೆ. ಹೇಳುವಾಗ ಇಲ್ಲ. ವಾಕ್, ಟಾಕ್, ಚಾಕ್ ಎನ್ನುವಾಗ ಅದನ್ನು ನುಂಗುವಂತೆ ಇಲ್ಲಿಯೂ ನುಂಗಬೇಕು. ‘ಫೋಲ್ಕ್ಸ್’ ಎಂದು ನಾಲಿಗೆಗೆ ಕಷ್ಟ ಕೊಡುವವರು ಸುಮ್ಮನೆ ಶ್ರಮ ಪಡುತ್ತಿದ್ದಾರೆ. ಫೋಕ್ಸ್‌ವ್ಯಾಗನ್ ಕಾರಿನ ಹೆಸರಿನ ಮೊದಲ ಭಾಗ ಇದೇ ಪದದ ಜರ್ಮನ್ ದಾಯಾದಿ. ಆ ಹೆಸರಿಗೆ ಜನರ ಕಾರು ಎಂದು ಅರ್ಥ. ಜರ್ಮನರು ಅಲ್ಲಿ ‘ಎಲ್’ ಅನ್ನು ಬಿಡದೆ ಹೇಳುತ್ತಾರೆ, ಅದು ಅವರ ಪಾಡು. ನಮ್ಮ ಎಚ್ಚರಿಕೆ ಬೇರೆ ಕಡೆ ಇರಬೇಕು. ‘ಫೋ’ ಸ್ವರ ದೀರ್ಘವಾಗಿರಲಿ. ಬಾಯಿ ಅಗಲವಾಗಿ ‘ಫಾಕ್ಸ್’ ಎಂದುಬಿಟ್ಟರೆ ಇಡೀ ಸಭೆಯನ್ನು ನರಿಗಳೇ ಎಂದು ಕರೆದಂತೆ. ‘ಪೋಕ್ಸ್’ ಎಂದರೆ ಚುಚ್ಚುವ ಮಾತಾಗುತ್ತದೆ. ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ ಗಾಳಿ ಬಿಟ್ಟರೆ ‘ಫ’ ತಾನಾಗಿ ಬರುತ್ತದೆ.

ನಂತರ ವ್ಯಾಕರಣ

‘ಫೋಕ್ಸ್’ ಯಾವಾಗಲೂ ಬಹುವಚನ. ಆದ್ದರಿಂದ ‘ಫೋಕ್ಸ್ ಆರ್’, ‘ಫೋಕ್ಸ್ ಹ್ಯಾವ್’, ‘ಫೋಕ್ಸ್ ವರ್’. ಒಬ್ಬ ಒಳ್ಳೆಯ ಮನುಷ್ಯನನ್ನು ತೋರಿಸಿ ‘ಎ ನೈಸ್ ಫೋಕ್’ ಎನ್ನುವಂತಿಲ್ಲ. ಅಲ್ಲಿ ಪರ್ಸನ್ ಎಂದೋ ಮ್ಯಾನ್, ವುಮನ್ ಎಂದೋ ಹೇಳಬೇಕು.

ಎಣಿಕೆಯ ವಿಷಯದಲ್ಲಿ ನಮ್ಮ ಭಾಷೆ ನಮ್ಮನ್ನು ಎಡವಿಸುತ್ತದೆ. ಹತ್ತು ಜನ, ಐದು ಮಂದಿ ಎನ್ನುವುದು ಕನ್ನಡದಲ್ಲಿ ನೀರು ಕುಡಿದಷ್ಟು ಸಲೀಸು. ಅದನ್ನೇ ‘ಫೈವ್ ಫೋಕ್ಸ್’ ಎಂದರೆ ಪೂರ್ತಿ ತಪ್ಪಲ್ಲದಿದ್ದರೂ ಕಿವಿಗೆ ತೊಡರುತ್ತದೆ. ಲೆಕ್ಕ ಕೊಡುವಾಗ ‘ಪೀಪಲ್’ ಸಾಕು: ಅಡುಗೆಯವರಿಗೆ ‘ಟ್ವೆಂಟಿ ಪೀಪಲ್ ಫಾರ್ ಲಂಚ್’ ಎನ್ನಿ. ಲಿಫ್ಟಿನೊಳಗಿನ ಫಲಕದಲ್ಲಿ ‘ಪರ್ಸನ್ಸ್’ ಎಂದಿರುತ್ತದೆ, ಅದು ಕಾನೂನಿನ ಭಾಷೆ, ಮಾತಿಗೆ ತರಬೇಡಿ. ‘ಫೋಕ್ಸ್’ ಇಷ್ಟಪಡುವುದು ಅಂದಾಜಿನ ಮಾತನ್ನು: ಸಮ್ ಫೋಕ್ಸ್, ಎ ಫ್ಯೂ ಫೋಕ್ಸ್, ಲಾಟ್ಸ್ ಆಫ್ ಫೋಕ್ಸ್. ‘ಮೋಸ್ಟ್ ಫೋಕ್ಸ್ ಇನ್ ಅವರ್ ವಿಲೇಜ್ ಗ್ರೋ ಶುಗರ್‌ಕೇನ್ ಆರ್ ಪ್ಯಾಡಿ’ ಎಂದರೆ ನಮ್ಮೂರಿನ ಬಹುಪಾಲು ಜನ ಕಬ್ಬು ಇಲ್ಲವೇ ಭತ್ತ ಬೆಳೆಯುತ್ತಾರೆ ಎಂದಾಯಿತು. ಯಾರೂ ತಲೆ ಎಣಿಸಿಲ್ಲ, ಎಣಿಸುವ ಅಗತ್ಯವೂ ಇಲ್ಲ.

ಕೊನೆಯ ‘ಎಸ್’ ಉದುರುವ ಜಾಗವೂ ಒಂದಿದೆ. ಇನ್ನೊಂದು ನಾಮಪದದ ಮುಂದೆ ಕೂತಾಗ ಅದು ‘ಫೋಕ್’ ಮಾತ್ರ: ಫೋಕ್ ಡ್ಯಾನ್ಸ್, ಫೋಕ್ ಸಾಂಗ್, ಫೋಕ್ ಆರ್ಟಿಸ್ಟ್. ದಸರಾ ಸಮಯದಲ್ಲಿ ಕಂಸಾಳೆಯವರನ್ನೋ ಪೂಜಾ ಕುಣಿತದವರನ್ನೋ ವೇದಿಕೆಯ ಮೇಲೆ ಇಂಗ್ಲಿಷಿನಲ್ಲಿ ಪರಿಚಯಿಸುವ ನಿರೂಪಕರು ಉತ್ಸಾಹದಲ್ಲಿ ‘ಫೋಕ್ಸ್ ಆರ್ಟಿಸ್ಟ್ಸ್’ ಎಂದುಬಿಡುವುದುಂಟು. ಅನುಮಾನ ಬಂದರೆ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯನ್ನು ನೆನೆಸಿಕೊಳ್ಳಿ. ಅಲ್ಲಿರುವ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನು ಇಂಗ್ಲಿಷಿನಲ್ಲಿ ‘ಫೋಕ್‌ಲೋರ್ ಮ್ಯೂಸಿಯಂ’ ಎನ್ನುತ್ತಾರೆ, ‘ಫೋಕ್ಸ್‌ಲೋರ್’ ಎನ್ನುವುದಿಲ್ಲ. ಈ ‘ಫೋಕ್‌ಲೋರ್’ ಎಂಬ ಪದವನ್ನು ಕಟ್ಟಿದವರು ವಿಲಿಯಂ ಥಾಮ್ಸ್ ಎಂಬ ಇಂಗ್ಲಿಷ್ ವಿದ್ವಾಂಸರು, 1846ರಲ್ಲಿ. ಬ್ರಿಟನ್ನಿನ ಕೆಲವು ಕಡೆ ಜನ ಎಂಬ ಅರ್ಥದಲ್ಲಿಯೂ ‘ಎಸ್’ ಇಲ್ಲದೆಯೇ ‘ಓಲ್ಡ್ ಫೋಕ್’, ‘ಕಂಟ್ರಿ ಫೋಕ್’ ಎನ್ನುತ್ತಾರೆ. ನಮ್ಮ ಇಂಗ್ಲಿಷ್ ಪತ್ರಿಕೆಗಳು ಮೀನುಗಾರರನ್ನು ‘ಫಿಶರ್‌ಫೋಕ್’ ಎಂದು ಬರೆಯುವುದು ಅದೇ ಜಾಡಿನಲ್ಲಿ.

ಈಗ ‘ಅವರು’

ಮಂಡ್ಯ ಜಿಲ್ಲೆಯ ಯಾವುದೇ ಊರಿನ ಅರಳಿಕಟ್ಟೆಯ ಬಳಿ ಸ್ವಲ್ಪ ಹೊತ್ತು ನಿಂತರೆ ಈ ರೀತಿಯ ಮಾತು ಕಿವಿಗೆ ಬೀಳುತ್ತದೆ. ಕರೆಂಟಿನವರು ಬಂದಿದ್ದರೇ? ನಾಲೆಯವರು ನೀರು ಬಿಟ್ಟರೇ? ಡೈರಿಯವರು ಬಟವಾಡೆ ಮಾಡಿದರೇ? ಸೊಸೈಟಿಯವರು ಗೊಬ್ಬರ ಕೊಡುತ್ತಾರಂತೆ. ಆಲೆಮನೆಯವರು ನಾಳೆ ಕಬ್ಬಿಗೆ ಆಳು ಕಳಿಸುತ್ತಾರಂತೆ. ಹೆಸರು ಬೇಕಿಲ್ಲ, ಹುದ್ದೆ ಬೇಕಿಲ್ಲ, ಎಷ್ಟು ಜನ ಎಂಬುದೂ ಬೇಕಿಲ್ಲ. ಯಾವ ಜಾಗದವರು ಎಂದು ಗೊತ್ತಾದರೆ ಕೆಲಸ ನಡೆಯುತ್ತದೆ. ‘ಫೋಕ್ಸ್’ ಹುಟ್ಟಿರುವುದೇ ಈ ಕೆಲಸಕ್ಕೆ ಎನ್ನುವಷ್ಟು ಇಲ್ಲಿ ಹೊಂದುತ್ತದೆ.

ವಾಕ್ಯ ಕಟ್ಟುವ ಕ್ರಮ ಮಾತ್ರ ತಿರುಗುಮುರುಗು. ನಾವು ಜಾಗವನ್ನು ಮೊದಲು ಹೇಳಿ ‘ಅವರು’ ಸೇರಿಸುತ್ತೇವೆ. ಇಂಗ್ಲಿಷಿನವರು ‘ದಿ ಫೋಕ್ಸ್’ ಎಂದು ಮೊದಲೇ ಹೇಳಿ ಜಾಗವನ್ನು ಹಿಂದೆ ಇಡುತ್ತಾರೆ. ಡೈರಿಯವರು ‘ದಿ ಫೋಕ್ಸ್ ಅಟ್ ದಿ ಡೈರಿ’. ಲೆಕ್ಕಪತ್ರ ವಿಭಾಗದವರು ‘ದಿ ಫೋಕ್ಸ್ ಇನ್ ಅಕೌಂಟ್ಸ್’. ಬೆಂಗಳೂರಿನ ಮುಖ್ಯ ಕಚೇರಿಯಿಂದ ಬಂದವರು ‘ದಿ ಫೋಕ್ಸ್ ಫ್ರಮ್ ದಿ ಹೆಡ್ ಆಫೀಸ್’. ಪಕ್ಕದ ಮನೆಯವರು ‘ದಿ ಫೋಕ್ಸ್ ನೆಕ್ಸ್ಟ್ ಡೋರ್’, ಇದಕ್ಕೆ ನಡುವೆ ಯಾವ ಪದವೂ ಬೇಡ. ಅಂಗಡಿ, ಬ್ಯಾಂಕು, ಆಸ್ಪತ್ರೆಯಂಥ ಜಾಗಕ್ಕೆ ‘ಅಟ್’, ಸಂಸ್ಥೆಯೊಳಗಿನ ವಿಭಾಗಕ್ಕೆ ‘ಇನ್’, ಬಂದ ದಿಕ್ಕಿಗೆ ‘ಫ್ರಮ್’ ಎಂದು ಇಟ್ಟುಕೊಂಡರೆ ಬಹುತೇಕ ಪಾರಾಗಬಹುದು.

ಕನ್ನಡದ ಕ್ರಮವನ್ನೇ ಉಳಿಸಿಕೊಂಡು ‘ಬ್ಯಾಂಕ್ ಪೀಪಲ್’ ಎನ್ನುವ ಅಭ್ಯಾಸ ನಮ್ಮಲ್ಲಿದೆ. ಅದು ಹೇಗೋ ಅರ್ಥವಾಗುತ್ತದೆ. ಆದರೆ ‘ಕರೆಂಟ್ ಪೀಪಲ್’ ಬಂದಿದ್ದರು ಎಂದು ಹೊರಗಿನವರಿಗೆ ಹೇಳಿ ನೋಡಿ. ಅವರ ಕಿವಿಗೆ ಅದು ‘ಈಗಿನ ಕಾಲದ ಜನ’ ಬಂದಿದ್ದರು ಎಂದು ಕೇಳಿಸುತ್ತದೆ. ‘ದಿ ಫೋಕ್ಸ್ ಫ್ರಮ್ ದಿ ಎಲೆಕ್ಟ್ರಿಸಿಟಿ ಆಫೀಸ್’ ಎಂಬುದು ಉದ್ದವಾಯಿತು, ನಿಜ, ಆದರೆ ಗೊಂದಲವಿಲ್ಲ.

ಹಾಗೆಂದು ‘ಅವರು’ ಮತ್ತು ‘ಫೋಕ್ಸ್’ ಒಂದೇ ಎಂದುಕೊಳ್ಳಬಾರದು. ನಮ್ಮ ‘ಅವರು’ವಿನಲ್ಲಿ ಮರ್ಯಾದೆ ಬೆರೆತೇ ಇರುತ್ತದೆ. ಎಷ್ಟೇ ಸಿಟ್ಟು ಬಂದರೂ ‘ಬ್ಯಾಂಕಿನವರು ಸತಾಯಿಸಿದರು’ ಎಂದೇ ಹೇಳುತ್ತೇವೆ. ‘ಫೋಕ್ಸ್’ನಲ್ಲಿ ಮರ್ಯಾದೆಯೂ ಇಲ್ಲ, ಅಮರ್ಯಾದೆಯೂ ಇಲ್ಲ, ಇರುವುದು ಸಲುಗೆ. ಹಾಗಾಗಿ ಸಿಟ್ಟಿನ ವಾಕ್ಯದಲ್ಲಿ ಅದನ್ನು ತಂದರೆ ಧ್ವನಿ ವಿಚಿತ್ರವಾಗಿ ಬದಲಾಗುತ್ತದೆ. ‘ದಿ ಫೋಕ್ಸ್ ಅಟ್ ದಿ ಬ್ಯಾಂಕ್ ಹ್ಯಾವ್ ಲಾಸ್ಟ್ ಮೈ ಪೇಪರ್ಸ್’ ಎಂದರೆ ಕೇಳಿದವರು ಎರಡರಲ್ಲಿ ಒಂದನ್ನು ಊಹಿಸುತ್ತಾರೆ: ಒಂದೋ ನೀವು ಕ್ಷಮಿಸಿಬಿಟ್ಟಿದ್ದೀರಿ, ಇಲ್ಲವೇ ವ್ಯಂಗ್ಯವಾಡುತ್ತಿದ್ದೀರಿ. ಲಿಖಿತ ದೂರಿನಲ್ಲಿ ಎರಡೂ ಪ್ರಯೋಜನವಿಲ್ಲ. ಅಲ್ಲಿ ‘ದಿ ಸ್ಟಾಫ್’ ಎಂದು ಬರೆಯಿರಿ.

ಒಬ್ಬರೇ ವ್ಯಕ್ತಿಗೆ ಗೌರವಕ್ಕಾಗಿ ಹಚ್ಚುವ ‘ಅವರು’ ಇದೆಯಲ್ಲ, ತಹಶೀಲ್ದಾರ್ ಅವರು, ಮೇಷ್ಟರವರು ಎನ್ನುವಂತೆ, ಅದಕ್ಕೂ ‘ಫೋಕ್ಸ್’ಗೂ ಸಂಬಂಧವಿಲ್ಲ.

‘ಮೈ ಫೋಕ್ಸ್’ ಎಂದರೆ ಯಾರು?

ಅಮೆರಿಕನ್ನರ ಬಾಯಲ್ಲಿ ‘ಮೈ ಫೋಕ್ಸ್’ ಎಂದರೆ ಸಾಮಾನ್ಯವಾಗಿ ಅಪ್ಪ ಅಮ್ಮ. ಕೆಲವೊಮ್ಮೆ ಅಣ್ಣ ತಮ್ಮಂದಿರು, ಅಜ್ಜಿ, ಚಿಕ್ಕಪ್ಪ ಎಲ್ಲರೂ ಸೇರುತ್ತಾರೆ. ಇದನ್ನು ‘ನಮ್ಮ ಮನೆಯವರು’ ಎಂದು ಹಿಡಿದುಕೊಂಡರೆ ಫಜೀತಿ. ನಮ್ಮಲ್ಲಿ ಮದುವೆಯಾದ ಹೆಣ್ಣುಮಗಳು ‘ನಮ್ಮ ಮನೆಯವರು ಊರಿಗೆ ಹೋಗಿದ್ದಾರೆ’ ಎಂದರೆ ಗಂಡ ಹೋಗಿದ್ದಾನೆ ಎಂದು ಅರ್ಥ. ಅದೇ ಆಕೆ ಇಂಗ್ಲಿಷಿನಲ್ಲಿ ‘ಮೈ ಫೋಕ್ಸ್ ಲಿವ್ ಇನ್ ಮಂಡ್ಯ’ ಎಂದರೆ ತವರಿನವರು ಮಂಡ್ಯದಲ್ಲಿದ್ದಾರೆ ಎಂದಾಗುತ್ತದೆ. ಗಂಡ ಕುವೆಂಪುನಗರದ ಮನೆಯಲ್ಲಿ ಪತ್ರಿಕೆ ಓದುತ್ತಾ ಕೂತಿರಬಹುದು. ಗಂಡನ ಕಡೆಯವರಿಗೆ ‘ಮೈ ಹಸ್ಬೆಂಡ್ಸ್ ಫೋಕ್ಸ್’ ಎನ್ನಬಹುದು, ‘ಇನ್‌ಲಾಸ್’ ಎಂಬುದಕ್ಕಿಂತ ಇದು ಮೃದು.

ಅಪ್ಪ ಒಬ್ಬರೇ ಬಂದಿದ್ದರೆ ‘ಮೈ ಫಾದರ್ ಈಸ್ ಹಿಯರ್’ ಎನ್ನಬೇಕು. ‘ತಂದೆಯವರು ಬಂದಿದ್ದಾರೆ’ ಎಂಬ ನಮ್ಮ ಗೌರವದ ಬಹುವಚನವನ್ನು ‘ಮೈ ಫೋಕ್ಸ್’ ಎಂದು ಸಾಗಿಸಿದರೆ, ಆತಿಥೇಯರು ಅಮ್ಮನಿಗೂ ಒಂದು ತಟ್ಟೆ ಇಡುತ್ತಾರೆ.

ಎದುರಿಗೇ ಕರೆಯುವಾಗ

ಇಂಗ್ಲಿಷಿನಲ್ಲಿ ಒಂದು ಕೊರತೆ ಇದೆ. ನಮಗೆ ನೀನು, ನೀವು ಎಂದು ಬೇರೆ ಬೇರೆ ಇವೆ. ಸಾಲದ್ದಕ್ಕೆ ‘ನೀವೆಲ್ಲ’ ಎನ್ನಲೂ ಬರುತ್ತದೆ. ಅವರಿಗೂ ಹಿಂದೆ ಒಬ್ಬರನ್ನು ಕರೆಯಲು ‘ದೌ’ ಎಂಬ ಪದವಿತ್ತು. ಅದು ದಿನಬಳಕೆಯಿಂದ ಬಿದ್ದುಹೋಗಿ ಒಬ್ಬರಿಗೂ ‘ಯೂ’, ಊರಿಗೆಲ್ಲ ‘ಯೂ’ ಆಯಿತು. ಬಹಳ ಜನರನ್ನು ಕರೆಯುತ್ತಿದ್ದೇನೆ ಎಂದು ತೋರಿಸಲು ಅಲ್ಲಲ್ಲಿ ತೇಪೆ ಹಚ್ಚಿದರು. ಅಮೆರಿಕದ ದಕ್ಷಿಣದವರು ‘ಯಾಲ್’ ಎಂದರು, ಉಳಿದವರು ‘ಯೂ ಗೈಸ್’ ಎಂದರು. ‘ಫೋಕ್ಸ್’ ಕೂಡ ಈ ಸಾಲಿನಲ್ಲಿ ಬಂದು ನಿಂತಿತು.

ನಮ್ಮವರು ಹಚ್ಚಿಕೊಂಡ ತೇಪೆ ‘ಯೂ ಪೀಪಲ್’. ‘ವೆನ್ ವಿಲ್ ಯೂ ಪೀಪಲ್ ಕಮ್?’ ಎಂದು ನಾವು ಪ್ರೀತಿಯಿಂದಲೇ ಕೇಳುತ್ತೇವೆ, ‘ನೀವೆಲ್ಲ ಯಾವಾಗ ಬರುತ್ತೀರಿ’ ಎಂಬ ಅರ್ಥದಲ್ಲಿ. ಅಮೆರಿಕನ್ನರಿಗೂ ಬ್ರಿಟಿಷರಿಗೂ ಅದು ‘ನಿಮ್ಮಂಥವರು’ ಎಂದು ಬೆರಳು ತೋರಿಸಿದಂತೆ ಕೇಳುತ್ತದೆ. 1992ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧೆಗಿಳಿದಿದ್ದ ರಾಸ್ ಪೆರೋ ಕಪ್ಪು ವರ್ಣೀಯರ ಸಂಘಟನೆಯೊಂದರ ಸಮಾವೇಶದಲ್ಲಿ ಸಭಿಕರನ್ನು ಹೀಗೆ ಕರೆದು ಭಾರಿ ಟೀಕೆಗೆ ಗುರಿಯಾದರು. ನಮ್ಮ ಊರಿನಿಂದ ವಿದೇಶಿ ಗ್ರಾಹಕರೊಂದಿಗೆ ಫೋನಿನಲ್ಲಿ ಮಾತನಾಡುವವರು ಈ ಲೇಖನದಿಂದ ಒಂದೇ ಒಂದು ವಿಷಯ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಲಿ: ‘ಯೂ ಪೀಪಲ್’ ಬಿಟ್ಟುಬಿಡಿ. ‘ಯೂ ಆಲ್’ ಅಥವಾ ‘ಎವ್ರಿವನ್’ ಎನ್ನಿ. ‘ಯೂ ಫೋಕ್ಸ್’ ಕೂಡ ನಡೆಯುತ್ತದೆ, ಆದರೆ ಗದರುವ ದನಿಯಲ್ಲಿ ಬೇಡ.

‘ಗೈಸ್’ ಕಥೆ ಬೇರೆ. 1605ರಲ್ಲಿ ಲಂಡನ್ನಿನ ಸಂಸತ್ತನ್ನು ಸಿಡಿಮದ್ದಿನಿಂದ ಉಡಾಯಿಸಲು ಹೊರಟು ಸಿಕ್ಕಿಬಿದ್ದ ಗೈ ಫಾಕ್ಸ್ ಎಂಬವನ ಹೆಸರಿನಿಂದ ಅದು ಬಂದಿದೆ. ಪ್ರತಿ ನವೆಂಬರ್ 5ರಂದು ಸುಡುವ ಅವನ ಗೊಂಬೆಗೆ ‘ಗೈ’ ಎಂದರು, ಆಮೇಲೆ ವಿಕಾರವಾಗಿ ಉಡುಪು ತೊಟ್ಟವನಿಗೆ ಅಂದರು, ಅಮೆರಿಕಕ್ಕೆ ಹೋದ ಮೇಲೆ ಯಾವ ಗಂಡಸಾದರೂ ‘ಗೈ’ ಆದ. ‘ದೋಸ್ ಗೈಸ್’ ಎಂದರೆ ಇಂದಿಗೂ ಬಹುಮಟ್ಟಿಗೆ ಗಂಡಸರೇ. ‘ಹಾಯ್ ಗೈಸ್’ ಎಂದು ಕರೆಯುವಾಗ ಹೆಂಗಸರೂ ಸೇರುತ್ತಾರೆ, ಆದರೆ ಎಲ್ಲರಿಗೂ ಅದು ಹಿಡಿಸುವುದಿಲ್ಲ. ಸ್ತ್ರೀಶಕ್ತಿ ಸಂಘದ ಸದಸ್ಯೆಯರಿಗೆ ತರಬೇತಿ ಕೊಡಲು ಬಂದವರು ‘ಹಲೋ ಗೈಸ್’ ಎಂದರೆ ನನಗಂತೂ ಕಸಿವಿಸಿ. ಹಲವು ಕಚೇರಿಗಳು ‘ಫೋಕ್ಸ್’ ಕಡೆಗೆ ವಾಲಿರುವುದು ಇದೇ ಕಾರಣಕ್ಕೆ. ಅದರಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ.

ಎಲ್ಲಿ ಬೇಡ

ಸಲುಗೆ ಎಲ್ಲಿ ಸಲ್ಲದೋ ಅಲ್ಲಿ. ಜಿಲ್ಲಾಧಿಕಾರಿ ಕಚೇರಿಗೆ ಬರೆಯುವ ಮನವಿ, ಸಂತಾಪ ಸೂಚನೆ, ಮದುವೆಯ ಆಮಂತ್ರಣ, ಹಿರಿಯರು ಮುಂದಿನ ಸಾಲಿನಲ್ಲಿ ಕೂತಿರುವ ಸಮಾರಂಭ. ದೊಡ್ಡವರೂ ಇಲ್ಲಿ ಮಾತಿಗೆ ಸಿಕ್ಕಿದ್ದಾರೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್ ಗೋಪುರಗಳ ಮೇಲೆ ದಾಳಿ ನಡೆದ ಸ್ವಲ್ಪ ಹೊತ್ತಿನಲ್ಲೇ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್, ಇದನ್ನು ಮಾಡಿದ ‘ಫೋಕ್ಸ್’ ಅನ್ನು ಹುಡುಕಿ ಹಿಡಿಯುತ್ತೇವೆ ಎಂದರು. ಭಯೋತ್ಪಾದಕರಿಗೆ ನೆರೆಮನೆಯವರ ಪದ! 2014ರಲ್ಲಿ ಬರಾಕ್ ಒಬಾಮ ಅದೇ ದಾಳಿಯ ನಂತರದ ವಿಚಾರಣೆಗಳ ಬಗ್ಗೆ ಹೇಳುತ್ತಾ, ನಾವು ಕೆಲವು ‘ಫೋಕ್ಸ್’ಗೆ ಚಿತ್ರಹಿಂಸೆ ಕೊಟ್ಟೆವು ಎಂದು ಒಪ್ಪಿಕೊಂಡರು. ವ್ಯಾಕರಣದ ದೋಷ ಇಬ್ಬರಲ್ಲೂ ಇಲ್ಲ. ಹೇಳುವ ವಿಷಯದ ಭಾರವನ್ನು ಆ ಹಗುರ ಪದ ಹೊರಲಾರದು, ಅಷ್ಟೇ.

ಒಂದು ಸಂದೇಶ ತಿದ್ದೋಣ

ಕಚೇರಿಯ ವಾಟ್ಸ್ಆ್ಯಪ್ ಗುಂಪಿಗೆ ಒಬ್ಬರು ಹೀಗೆ ಬರೆದಿದ್ದಾರೆ ಎಂದುಕೊಳ್ಳಿ: ‘ರೆಸ್ಪೆಕ್ಟೆಡ್ ಫೋಕ್ಸ್, ಯೂ ಪೀಪಲ್ ಮಸ್ಟ್ ಕಮ್ ಟು ಅವರ್ ವಿಲೇಜ್ ಫಾರ್ ಹಬ್ಬ ಆನ್ ಸಂಡೇ. ಮೈ ಫೋಕ್ಸ್ ಈಸ್ ವೇಟಿಂಗ್. ಫಿಫ್ಟೀನ್ ಫೋಕ್ಸ್ ಕ್ಯಾನ್ ಸಿಟ್ ಇನ್ ದಿ ಟೆಂಪೋ. ಫೋಕ್ಸ್ ಡ್ಯಾನ್ಸ್ ಈಸ್ ಆಲ್ಸೋ ದೇರ್.’

ಪ್ರೀತಿಗೆ ಕೊರತೆಯಿಲ್ಲ, ತಿದ್ದುವುದಕ್ಕೂ ಕೊರತೆಯಿಲ್ಲ. ‘ರೆಸ್ಪೆಕ್ಟೆಡ್’ ಮತ್ತು ‘ಫೋಕ್ಸ್’ ಒಂದೇ ಚಾಪೆಯ ಮೇಲೆ ಕೂರುವುದಿಲ್ಲ, ಆದ್ದರಿಂದ ‘ಹಾಯ್ ಫೋಕ್ಸ್’ ಎಂದು ಬರೆದು ಅಲ್ಪವಿರಾಮ ಇಡಿ. ‘ಯೂ ಮಸ್ಟ್ ಕಮ್’ ಒಳ್ಳೆಯ ಕರೆಯೇ. ನಡುವಿನ ‘ಪೀಪಲ್’ ಸೇರಿ ಅದು ಆಜ್ಞೆಯಾಗಿದೆ, ಕಿತ್ತುಹಾಕಿ ‘ಯೂ ಮಸ್ಟ್ ಆಲ್ ಕಮ್’ ಮಾಡಿ. ‘ಈಸ್ ವೇಟಿಂಗ್’ ಬದಲು ‘ಮೈ ಫೋಕ್ಸ್ ವುಡ್ ಲವ್ ಟು ಮೀಟ್ ಯೂ’. ಟೆಂಪೋದಲ್ಲಿ ಹಿಡಿಸುವುದು ‘ಫಿಫ್ಟೀನ್ ಪೀಪಲ್’. ಕುಣಿತ ‘ಫೋಕ್ ಡ್ಯಾನ್ಸ್’. ಯಾವ ಕುಣಿತ ಎಂದು ಹೆಸರು ಹೇಳಿದರೆ ಇನ್ನೂ ಚೆನ್ನ. ಆ ಗುಂಪಿನಲ್ಲಿ ನಿವೃತ್ತಿಯ ಅಂಚಿನಲ್ಲಿರುವ ಹಿರಿಯ ಅಧಿಕಾರಿಯೊಬ್ಬರಿದ್ದರೆ ಅವರಿಗೆ ಬೇರೆಯೇ ಒಂದು ಸಂದೇಶ ಕಳಿಸಿ, ‘ಸರ್’ ಎಂದು ಶುರುಮಾಡಿ, ಕನ್ನಡದಲ್ಲಿ.