ಮನೇಲೇ ಮಾಡೋ ಕ್ರಿಸ್ಮಸ್ ಹ್ಯಾಂಪರ್: ನನ್ನ ಅನುಭವ

ಮೊದಲನೇ ವರ್ಷ ನಾನು ಮಾಡಿದ ಕ್ರಿಸ್ಮಸ್ ಹ್ಯಾಂಪರ್ (ತಿಂಡಿ ತುಂಬಿ ಕೊಡೋ ಉಡುಗೊರೆ) ನೋಡೋಕೆ ತುಂಬ ಚೆನ್ನಾಗಿತ್ತು. ಒಂದೇ ಡಬ್ಬಿಲಿ ಫ್ರೂಟ್ ಕೇಕ್ ತುಂಡು, ಬೆಣ್ಣೆ ಬಿಸ್ಕೆಟ್, ಪೆಪ್ಪರ್‌ಮಿಂಟ್ ಹಾಕಿದ ಚಾಕ್ಲೇಟ್ ಎಲ್ಲ ಸಾಲಾಗಿ ಜೋಡ್ಸಿ, ಮೇಲೆ ಕೆಂಪು ರಿಬ್ಬನ್ ಕಟ್ಟಿ ಎಂಟು ಮನೆಗೆ ಕೊಟ್ಟು ಬಂದೆ. ಒಂದು ಡಬ್ಬಿ ನಮ್ಮನೇಲೇ ಉಳ್ಕೊಂಡಿತ್ತು, ನಾಲ್ಕು ದಿನ ಬಿಟ್ಟು ತೆಗೆದು ನೋಡಿದ್ರೆ ಬಿಸ್ಕೆಟೆಲ್ಲ ಮೆತ್ತಗಾಗಿದೆ, ಕೇಕಿಗೂ ಪೆಪ್ಪರ್‌ಮಿಂಟ್ ವಾಸ್ನೆ ಹತ್ಕೊಂಡಿದೆ. ಎಂಟು ಮನೇಲೂ ಹಿಂಗೇ ಆಗಿರುತ್ತಲ್ಲ ಅಂತ ಅಳುನೇ ಬಂತು. ಯಾರೂ ಏನೂ ಅನ್ಲಿಲ್ಲ, ಪ್ರೀತಿಯಿಂದ ಕೊಟ್ಟಿದ್ದನ್ನ ಚೆನ್ನಾಗಿಲ್ಲ ಅಂತ ಯಾರು ಹೇಳ್ತಾರೆ.

ಕೇಕಲ್ಲಿ ತೇವ ಇರುತ್ತೆ, ಬಿಸ್ಕೆಟ್ ಒಣಗಿರುತ್ತೆ, ಎರಡನ್ನೂ ಒಂದೇ ಮುಚ್ಚಿದ ಡಬ್ಬಿಲಿ ಇಟ್ರೆ ಕೇಕಿನ ತೇವನೆಲ್ಲ ಬಿಸ್ಕೆಟ್ ಎಳ್ಕೊಂಡ್ಬಿಡುತ್ತೆ, ಅಷ್ಟೇ ಆಗಿದ್ದು. ಅವತ್ತಿಂದ ಅಲಂಕಾರ ಎಲ್ಲ ಆಮೇಲೆ, ಯಾವ್ದು ಎಷ್ಟು ದಿನ ಇರುತ್ತೆ ಅನ್ನೋ ಲೆಕ್ಕ ಮೊದಲು. ತಗೊಂಡೋರು 25ನೇ ತಾರೀಖೇ ತಿಂತಾರೋ ಹೊಸ ವರ್ಷ ಆದ್ಮೇಲೆ ತಿಂತಾರೋ ನಮಗೆ ಗೊತ್ತಿರಲ್ಲ, ಅವರು ಮುಚ್ಚಳ ತೆಗೆದ ದಿನ ಅದು ಚೆನ್ನಾಗಿರ್ಬೇಕು.

ಹಾಗಾಗಿ ನಾನು ಕ್ಯಾಲೆಂಡರನ್ನ ಹಿಂದಿನಿಂದ ಎಣಿಸ್ತೀನಿ. ಎಲ್ಲಕ್ಕಿಂತ ಮೊದಲು ಸೇಬು ಈರುಳ್ಳಿ ಚಟ್ನಿ, ನವೆಂಬರ್ ಮೊದಲನೇ ವಾರದಲ್ಲೇ. ವಿನೆಗರ್ ಹಾಕಿ ಮಾಡೋ ಈ ಥರ ಚಟ್ನಿ ಮಾಡಿದ ದಿನ ತಿಂದ್ರೆ ಬರೀ ಹುಳಿ, ಗಂಟಲಿಗೆ ಹೊಡ್ಯುತ್ತೆ, ನಾಲ್ಕರಿಂದ ಆರು ವಾರ ಕತ್ತಲಲ್ಲಿ ಕೂತ್ರೆ ಅದೇ ಚಟ್ನಿ ಎಷ್ಟು ಹದವಾಗುತ್ತೆ ಅಂದ್ರೆ ಬೇರೆ ಯಾರೋ ಮಾಡಿದ್ದೇನೋ ಅನ್ಸುತ್ತೆ. ಪಾತ್ರೆ ತಳದಲ್ಲಿ ಸೌಟು ಎಳೆದಾಗ ದಾರಿ ಬಿಟ್ಕೊಂಡು, ನೀರು ವಾಪಸ್ ತುಂಬ್ಕೊಳ್ಳದೆ ಇದ್ರೆ ಇಳಿಸ್ಬಹುದು. ಬಾಟಲಿ ಮುಚ್ಚಳದ ಒಳಗೆ ಪ್ಲಾಸ್ಟಿಕ್ ಲೇಪನ ಇದೆಯಾ ನೋಡ್ಕೊಳ್ಳಿ, ಬರೀ ಲೋಹ ಆದ್ರೆ ವಿನೆಗರಿಗೆ ತುಕ್ಕು ಹಿಡಿಯುತ್ತೆ.

ಆಮೇಲೆ ಕೇಕ್. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ ಎಲ್ಲ ಬ್ರಾಂದಿಲಿ ನೆನೆಸಿ (ಕುಡಿಯದೋರ ಮನೆಗೆ ಕಿತ್ತಳೆ ರಸದಲ್ಲಿ, ಅದಕ್ಕೆ ಅಷ್ಟು ದಿನದ ಬಾಳಿಕೆ ಬರಲ್ಲ, ಅದನ್ನ ಕೊನೇ ವಾರ ಮಾಡ್ತೀನಿ), ನವೆಂಬರ್ ಮಧ್ಯದಲ್ಲಿ 150 ಡಿಗ್ರಿಲಿ ನಿಧಾನಕ್ಕೆ ಬೇಯಿಸಿ, ಪೂರ್ತಿ ಆರಿದ್ಮೇಲೆ ಬಟರ್ ಪೇಪರ್ ಸುತ್ತಿ ಅದರ ಮೇಲೆ ಫಾಯಿಲ್. ಫಾಯಿಲ್ ನೇರವಾಗಿ ಕೇಕಿಗೆ ತಾಗ್ಬಾರ್ದು, ಹಣ್ಣಿನ ಹುಳಿ ಅದನ್ನ ತಿನ್ನುತ್ತೆ. ವಾರಕ್ಕೊಂದು ಸಲ ಕಡ್ಡಿಯಿಂದ ಚುಚ್ಚಿ ಒಂದೆರಡು ಚಮಚ ಬ್ರಾಂದಿ ಹಾಕ್ತೀನಿ, ಕೊಡೋ ವಾರ ಮಾತ್ರ ಬಿಟ್ಬಿಡ್ತೀನಿ, ಇಲ್ಲಾಂದ್ರೆ ಮೇಲ್ಗಡೆ ಒದ್ದೆ ಒದ್ದೆ ಇರುತ್ತೆ.

ಜಾಮ್ ವಿಷಯದಲ್ಲಿ ನಾನು ತುಂಬ ಕಷ್ಟಪಟ್ಟಿದೀನಿ. ಸ್ಟ್ರಾಬೆರಿಲಿ ಪೆಕ್ಟಿನ್ (ಜಾಮನ್ನ ಗಟ್ಟಿ ಮಾಡೋ ಅಂಶ) ಕಮ್ಮಿ, ನಿಂಬೆ ರಸ ಹಾಕದೆ ಮಾಡಿದ್ರೆ ಎಷ್ಟು ಕುದಿಸಿದ್ರೂ ಶರಬತ್ತಿನ ಥರನೇ ಇರುತ್ತೆ. ಥರ್ಮಾಮೀಟರ್ ಇದ್ರೆ 105 ಡಿಗ್ರಿ ಸೆಲ್ಸಿಯಸ್ ಬರ್ಬೇಕು, ಇಲ್ದಿದ್ರೆ ಒಂದು ತಟ್ಟೆ ಫ್ರೀಜರಲ್ಲಿಟ್ಟು ಅದರ ಮೇಲೆ ಒಂದು ತೊಟ್ಟು ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿಂದ ತಳ್ಳಿದಾಗ ಸುಕ್ಕು ಬಂದ್ರೆ ಆಯ್ತು. ಒಂದ್ಸಲ ಕುದಿಯೋ ಜಾಮನ್ನ ತಣ್ಣಗಿರೋ ಬಾಟಲಿಗೆ ಸುರಿದು ಬಾಟಲಿ ಟಪ್ ಅಂತ ಸೀಳಿ ಕಾಲ ಮೇಲೆಲ್ಲ ಬಿತ್ತು, ಗುಳ್ಳೆ ಹೋಗೋಕೆ ಹತ್ತು ದಿನ ಹಿಡೀತು. ಈಗ ಸೋಪ್ ಹಾಕಿ ತೊಳೆದ ಬಾಟಲಿನ 140 ಡಿಗ್ರಿ ಓವನಲ್ಲಿ ಹದಿನೈದು ನಿಮಿಷ ಇಟ್ಟು, ಬಾಟಲಿನೂ ಬಿಸಿ ಜಾಮೂ ಬಿಸಿ ಇರೋವಾಗ್ಲೇ ತುಂಬಿ ಮುಚ್ಚಳ ಹಾಕ್ತೀನಿ. ಆರ್ತಾ ಆರ್ತಾ ಮುಚ್ಚಳದ ನಡುಭಾಗ ಒಳಗೆ ಹೋಗುತ್ತೆ, ಹೋಗದೆ ಇರೋ ಬಾಟಲಿ ಹ್ಯಾಂಪರಿಗಿಲ್ಲ, ನಮ್ಮನೆ ಫ್ರಿಜ್ಜಿಗೆ.

ಬಿಸ್ಕೆಟ್ ಕೊನೇದು. ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ, ಎಲ್ಲ ತೂಕದಲ್ಲಿ. ಹಿಟ್ಟನ್ನ ಉದ್ದಕ್ಕೆ ಸುತ್ತಿ ಎರಡು ವಾರ ಮುಂಚೆನೇ ಫ್ರೀಜರಲ್ಲಿ ಇಟ್ಬಿಡ್ತೀನಿ, 22ನೇ ತಾರೀಖು ಕತ್ತರಿಸಿ ಬೇಯಿಸೋದು. ಬಿಸಿ ಇರೋವಾಗ ಮಾತ್ರ ಡಬ್ಬಿಗೆ ಹಾಕ್ಬೇಡಿ, ಆವಿ ಒಳಗೇ ನಿಂತು ಮತ್ತೆ ಅದೇ ಮೆತ್ತಗಿನ ಕಥೆ.

ಲೆಮನ್ ಕರ್ಡ್ (ಮೊಸರಲ್ಲ, ಬ್ರೆಡ್ಡಿಗೆ ಹಚ್ಕೊಳ್ಳೋ ಸಿಹಿ ನಿಂಬೆ ಕ್ರೀಮ್) ನಂಗೆ ತುಂಬ ಇಷ್ಟ, ಆದ್ರೆ ಮೊಟ್ಟೆ ಬೆಣ್ಣೆ ಎರಡೂ ಇರೋದ್ರಿಂದ ಫ್ರಿಜ್ಜಲ್ಲೇ ಇರ್ಬೇಕು. ಬುಟ್ಟಿ ಎಷ್ಟು ಹೊತ್ತು ಹೊರಗಿರುತ್ತೋ ಗೊತ್ತಿಲ್ವಲ್ಲ, ಬಿಟ್ಬಿಟ್ಟೆ. ಎಣ್ಣೆಲಿ ಹಸಿ ಬೆಳ್ಳುಳ್ಳಿ ಮುಳುಗಿಸಿದ ಬಾಟಲಿ ನೋಡೋಕೆ ಚೆಂದ ಅಂತ ಸುಮಾರು ಜನ ಕೊಡ್ತಾರೆ, ದಯವಿಟ್ಟು ಕೊಡ್ಬೇಡಿ. ಎಣ್ಣೆ ಒಳಗೆ ಗಾಳಿ ಹೋಗಲ್ಲ, ಬೆಳ್ಳುಳ್ಳಿಲಿ ಹುಳಿ ಇಲ್ಲ, ಹೊರಗಡೆ ಇಟ್ರೆ ಬೊಟುಲಿಸಂ (ಪ್ರಾಣಕ್ಕೇ ಅಪಾಯ ಆಗೋ ಆಹಾರ ವಿಷಬಾಧೆ) ಬರಿಸೋ ಬ್ಯಾಕ್ಟೀರಿಯಾಕ್ಕೆ ಅದು ಹೇಳಿ ಮಾಡಿಸಿದ ಜಾಗ. ಅದರ ವಿಷ ವಾಸನೇಲೂ ಗೊತ್ತಾಗಲ್ಲ ರುಚೀಲೂ ಗೊತ್ತಾಗಲ್ಲ.

ಪ್ರತಿಯೊಂದಕ್ಕೂ ಚೀಟಿ ಅಂಟಿಸ್ತೀವಿ, ಬರೆಯೋದು ಮಗಳು. ಮಾಡಿದ ತಾರೀಖು, ಎಲ್ಲಿ ಇಡ್ಬೇಕು, ಯಾವಾಗಿನೊಳಗೆ ಮುಗಿಸ್ಬೇಕು, ಏನೇನು ಹಾಕಿದೆ ಅಂತ. ಬಾದಾಮಿ, ವಾಲ್‌ನಟ್ ಇದ್ರೆ ದಪ್ಪ ಅಕ್ಷರದಲ್ಲಿ. ಒಬ್ರು ಸ್ನೇಹಿತೆ ಮಗನಿಗೆ ನಟ್ಸ್ ಆಗಲ್ಲ ಅಂತ ನಂಗೆ ಗೊತ್ತೇ ಇರ್ಲಿಲ್ಲ, ಅವ್ರು ಚೀಟಿ ಓದಿದ್ರಿಂದ ಆವತ್ತು ಬಚಾವಾಯ್ತು.

ತುಂಬೋವಾಗ ಬಾಟಲಿಗಳು ತಳದಲ್ಲಿ, ಸುತ್ತ ಮುದುರಿದ ಕಾಗದ ಒತ್ತಿ, ಬಿಸ್ಕೆಟ್ ಮೇಲೆ ಅದರದ್ದೇ ಡಬ್ಬಿಲಿ. ಮತ್ತೆ ಈಗ ಪ್ರತಿ ವರ್ಷ ಒಂದು ಬುಟ್ಟಿ ಜಾಸ್ತಿ ಮಾಡಿ ಬೇಕಂತಲೇ ಮನೇಲಿ ಇಟ್ಕೋತೀನಿ, 31ನೇ ತಾರೀಖು ರಾತ್ರಿ ಎಲ್ರೂ ಕೂತು ತೆಗೆದು ಒಂದೊಂದೇ ತಿಂದು ನೋಡಿ ನೋಟ್‌ಬುಕ್ಕಲ್ಲಿ ಬರ್ಕೊಳ್ಳೋದು. ಕಳೆದ ಸಲ ಬರೆದಿದ್ದು, ಫಡ್ಜ್ (ಬರ್ಫಿ ಥರದ ಮೆತ್ತಗಿನ ಸಿಹಿ) ತುಂಡುಗಳು ಒಂದಕ್ಕೊಂದು ಅಂಟ್ಕೊಂಡಿವೆ ಅಂತ. ಈ ಸಲಕ್ಕೆ ಮಗಳು ಈಗ್ಲೇ ಬಟರ್ ಪೇಪರನ್ನ ಚಿಕ್ಕ ಚಿಕ್ಕ ಚೌಕ ಕತ್ತರಿಸಿ ಇಟ್ಟಿದಾಳೆ, ಒಂದು ತುಂಡಿಗೆ ಒಂದು.