ಎಚ್‌ಐವಿ ಜೊತೆಗಿನ ಪಾದದ ಉರಿ: ನಾನು ನಿಭಾಯಿಸುವ ಬಗೆ

ಶಿರಸಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ವರ್ಷಗಟ್ಟಲೆ ಮಷಿನ್ ತುಳಿದ ಕಾಲು ನನ್ನದು. ಈಗ ಮೋಟರ್ ಹಾಕಿಸಿದ್ದೇನೆ, ಆದರೂ ಪೆಡಲ್ ಮೇಲೆ ಕಾಲು ಕೂತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಳ್ಳಬೇಕು. ಹೆಬ್ಬೆರಳಿಗೆ ಅದು ತಿಳಿಯುವುದೇ ಇಲ್ಲ. ಅದೇ ಹೆಬ್ಬೆರಳು ರಾತ್ರಿ ಹೊದಿಕೆಯ ಅಂಚು ತಾಗಿದರೆ ಬೆಂಕಿಯಾಗುತ್ತದೆ. ಮರಗಟ್ಟಿದ ಜಾಗವೇ ಉರಿಯುವುದು ಹೇಗೆ ಎಂದು ನಂಬದವರು ಬಹಳ ಜನ. ಎಚ್‌ಐವಿ ಇರುವವರ ನರನೋವಿನ ಗುಣವೇ ಅದು.

ಮೊದಲು ಕಾರಣ ತಿಳಿದುಕೊಳ್ಳಿ, ಯಾಕೆಂದರೆ ಚಿಕಿತ್ಸೆ ಅದರ ಮೇಲೆ ನಿಂತಿದೆ. ದೇಹದ ಅತಿ ಉದ್ದದ ನರಗಳ ತುದಿ ಮೊದಲು ಹಾಳಾಗುತ್ತದೆ. ಹಾಗಾಗಿ ಎರಡೂ ಪಾದದ ಬೆರಳಿನಿಂದ ಶುರುವಾಗಿ ಕಾಲುಚೀಲ ಏರಿಸಿದ ಹಾಗೆ ಮೇಲೆ ಬರುತ್ತದೆ. ವೈರಸ್ಸು ಮತ್ತು ಅದು ಎಬ್ಬಿಸುವ ಉರಿಯೂತ ಒಂದು ಕಾರಣ. ಚಿಕಿತ್ಸೆಗೆ ಮುಂಚೆ ಸಿಡಿ4 (ಸೋಂಕಿನ ವಿರುದ್ಧ ಹೋರಾಡುವ ರಕ್ತಕಣಗಳ ಎಣಿಕೆ) ತೀರಾ ಇಳಿದಿದ್ದವರಿಗೆ ಅಪಾಯ ಹೆಚ್ಚು. 2004ರಲ್ಲಿ ಸರ್ಕಾರ ಉಚಿತ ಎಆರ್‌ಟಿ (ಎಚ್‌ಐವಿ ಹತ್ತಿಕ್ಕುವ ಮಾತ್ರೆಗಳ ಚಿಕಿತ್ಸೆ) ಶುರುಮಾಡಿದ ಕಾಲದವರಿಗೆ ಸ್ಟಾವುಡಿನ್ ಮಾತ್ರೆ ನೆನಪಿರುತ್ತದೆ. ನರ ಕೆಡಿಸುವುದು ಮುಂತಾದ ಅದರ ಅಡ್ಡಪರಿಣಾಮಗಳನ್ನು ನೋಡಿ 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹಂತಹಂತವಾಗಿ ಬಿಡಿ ಎಂದಿತು. ಮಾತ್ರೆ ಹೋಯಿತು, ಅದು ಕೆಡಿಸಿದ ನರ ಹಲವರಲ್ಲಿ ಹಾಗೇ ಉಳಿಯಿತು. ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣ, ಕಾಣದಷ್ಟು ಇಳಿದವರಿಗೂ ಉರಿ ಬಿಡದಿರುವುದಕ್ಕೆ ಇದೂ ಒಂದು ಕಾರಣ. ಹಾಗಂತ ಎಆರ್‌ಟಿ ತಪ್ಪಿಸಬೇಡಿ.

ಇನ್ನು ಮಿದುಳಿನ ಪಾಲು. ಗಾಯಗೊಂಡ ನರ ಯಾರೂ ಮುಟ್ಟದೆಯೇ ಸುದ್ದಿ ಕಳಿಸುತ್ತಿರುತ್ತದೆ. ತಿಂಗಳುಗಟ್ಟಲೆ ಅದನ್ನೇ ಕೇಳಿದ ಬೆನ್ನುಹುರಿ, ಮಿದುಳು ಎರಡೂ ಸೂಕ್ಷ್ಮವಾಗಿ, ಸಣ್ಣ ಸುದ್ದಿಯನ್ನೂ ದೊಡ್ಡದು ಮಾಡುತ್ತವೆ. ಎಚ್‌ಐವಿ ಜೊತೆ ಪಾದದ ನರನೋವು ಇರುವವರ ಮಿದುಳನ್ನು ಎಂಆರ್‌ಐನಲ್ಲಿ ನೋಡಿದವರು, ನೋವಿಲ್ಲದವರಿಗಿಂತ ಅವರಲ್ಲಿ ಹೊರಪದರದ ಬೂದು ಭಾಗ ಕಡಿಮೆ ಇದ್ದದ್ದನ್ನು ಕಂಡಿದ್ದಾರೆ. ನೋವು ಮಿದುಳನ್ನು ಸವೆಸಿತೋ, ಸವೆದ ಮಿದುಳಿಗೆ ನೋವು ಹೆಚ್ಚಿತೋ, ಅದನ್ನು ಚಿತ್ರ ಹೇಳುವುದಿಲ್ಲ. ನನಗೆ ಸಾಕಾದದ್ದು ಇಷ್ಟು: "ಎಲ್ಲಾ ನಿನ್ನ ಮನಸ್ಸಿನದು" ಎನ್ನುವವರ ಬಾಯಿ ಮುಚ್ಚಿಸಬಹುದು, ಹಾಗೇ ನಿದ್ದೆ, ನಡಿಗೆ, ಭಯ ಇವುಗಳ ಮೇಲೆ ಕೆಲಸ ಮಾಡುವುದಕ್ಕೆ ನಾಚಬೇಕಾಗಿಲ್ಲ.

ಎಆರ್‌ಟಿ ಸೆಂಟರ್‌ನಲ್ಲಿ "ಕಾಲುರಿ" ಎಂದಷ್ಟೇ ಹೇಳಿದರೆ ವಿಟಮಿನ್ ಮಾತ್ರೆ ಕೈಗೆ ಬರುತ್ತದೆ, ಸರದಿ ಮುಂದಕ್ಕೆ ಹೋಗುತ್ತದೆ. ಹೋಗುವ ಮುಂಚೆ ಚೀಟಿಯಲ್ಲಿ ಬರೆದುಕೊಳ್ಳಿ: ಎರಡೂ ಕಾಲಿಗೋ ಒಂದಕ್ಕೋ, ಎಲ್ಲಿಯವರೆಗೆ ಏರಿದೆ, ಉರಿಯೋ ಚುಚ್ಚೋ ಜುಮ್ಮೋ, ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಯಾವ ಹೊತ್ತಿಗೆ, ನಿದ್ದೆ ಎಷ್ಟು ಕೆಡುತ್ತದೆ. ಆಮೇಲೆ ಕೇಳಿ: ಸಕ್ಕರೆ, ಬಿ12, ಥೈರಾಯ್ಡ್, ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿದ್ದಾರೆಯೇ? ನಮ್ಮ ಕಡೆ ಮೀನು ಮೊಟ್ಟೆ ಮುಟ್ಟದ ಮನೆಗಳು ಬಹಳ, ಅಲ್ಲಿ ಬಿ12 ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲೂ ಅದು ಇಳಿಯುತ್ತದೆ. ಎಆರ್‌ಟಿಯಲ್ಲಿ ಕೊಡುವ ಡೊಲುಟೆಗ್ರಾವಿರ್ ಜೊತೆ ಮೆಟ್‌ಫಾರ್ಮಿನ್ ರಕ್ತದಲ್ಲಿ ಏರುವುದರಿಂದ ಅದರ ಡೋಸ್‌ಗೂ ಮಿತಿ ಇದೆ. ಕ್ಷಯದ ಐಸೋನಿಯಾಜಿಡ್ ಕೂಡ ನರ ಕೆಡಿಸಬಲ್ಲದು, ಅದಕ್ಕೇ ಜೊತೆಗೆ ಬಿ6 ಕೊಡುವುದು. ಕುಡಿತವೂ ನರಕ್ಕೆ ವಿಷ. ಗೋವಾ ಗಡಿ ಹತ್ತಿರವಿದೆ ಎಂಬ ನೆಪಕ್ಕೆ ನರ ಒಪ್ಪುವುದಿಲ್ಲ.

ಔಷಧದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಪ್ಯಾರಾಸಿಟಮಾಲ್ ಇದಕ್ಕೆ ಹೆಚ್ಚು ತಾಗುವುದಿಲ್ಲ. ಮೆಡಿಕಲ್ ಶಾಪಿನ ಡೈಕ್ಲೋಫೆನಾಕ್ ನರನೋವಿಗೆ ಪ್ರಯೋಜನವಿಲ್ಲ, ಎಆರ್‌ಟಿಯ ಟೆನೋಫೊವಿರ್ ತೆಗೆದುಕೊಳ್ಳುವವರ ಕಿಡ್ನಿಗೆ ಹಾನಿ. ವೈದ್ಯರು ಸಾಮಾನ್ಯವಾಗಿ ಮೊದಲು ಗಾಬಾಪೆಂಟಿನ್ ಕೊಡುತ್ತಾರೆ, ರಾತ್ರಿ ಸಣ್ಣ ಡೋಸ್‌ನಿಂದ, ನಿಧಾನ ಏರಿಸುತ್ತ. ಅದು ಹೊರಹೋಗುವುದು ಕಿಡ್ನಿಯಿಂದ, ಆದ್ದರಿಂದಲೇ ಕ್ರಿಯಾಟಿನಿನ್ ಬೇಕು. ತಲೆ ತಿರುಗಿಸುತ್ತದೆ, ಡೋಸ್ ಬದಲಾದ ದಿನಗಳಲ್ಲಿ ದೇವಿಮನೆ ಘಟ್ಟದ ತಿರುವಿನಲ್ಲಿ ಸ್ಕೂಟಿ ಓಡಿಸುವ ಹುಚ್ಚು ಬೇಡ. ಒಮ್ಮೆಲೇ ನಿಲ್ಲಿಸಲೂಬೇಡಿ. ಅಮಿಟ್ರಿಪ್ಟಿಲಿನ್, ಪ್ರೆಗಾಬಾಲಿನ್ ಎರಡೂ ಎಚ್‌ಐವಿ ನರನೋವಿನ ಪ್ರಯೋಗಗಳಲ್ಲಿ ಬರೀ ಹುಸಿಮಾತ್ರೆಗಿಂತ ಮೇಲಾಗಲಿಲ್ಲ. ಕೆಲವರಿಗೆ ಹಿಡಿಯುತ್ತವೆ, ಕೆಲವರಿಗೆ ಇಲ್ಲ. ಮಾತ್ರೆ ಕೆಲಸ ಮಾಡದಿದ್ದರೆ ನೋವು ಸುಳ್ಳಾಗುವುದಿಲ್ಲ, ಮಾತ್ರೆ ಬದಲಿಸಿ ಎಂದು ಕೇಳಿ.

ಬೇರೆ ಡಾಕ್ಟರ ಬಳಿ ಹೋದಾಗ ಎಆರ್‌ಟಿ ಮಾತ್ರೆಯ ಹೆಸರು ಹೇಳಲೇಬೇಕು. ನರನೋವಿಗೆ ಬರೆಯುವ ಕಾರ್ಬಮಜೆಪಿನ್, ಡೊಲುಟೆಗ್ರಾವಿರ್ ಬಲವನ್ನೇ ಇಳಿಸಿಬಿಡುತ್ತದೆ. ಹೊಟ್ಟೆಯುರಿಗೆ ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುವ ಆಂಟಾಸಿಡ್ ಬೇಕಾದರೆ ಡೊಲುಟೆಗ್ರಾವಿರ್ ಅದಕ್ಕೆ 2 ತಾಸು ಮೊದಲು ಅಥವಾ 6 ತಾಸು ನಂತರ. ಬಾಯಲ್ಲಿ ಹೇಳಲು ಹಿಂಜರಿಕೆಯಾದರೆ ಹೆಸರು ಬರೆದ ಚೀಟಿ ಮುಂದಿಡಿ. ಎಚ್‌ಐವಿ ಕಾರಣಕ್ಕೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ, ಅದು ಜಾರಿಯಾದದ್ದು 2018ರ ಸೆಪ್ಟೆಂಬರ್‌ನಲ್ಲಿ. ಕೇಳುವುದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

ರಾತ್ರಿ ಹೊದಿಕೆ ಕಾಲಿಗೆ ತಾಗದ ಹಾಗೆ ಮಾಡಿ. ನಾನು ಮಂಚದ ಕಾಲ್ಬದಿಗೆ ಅಂಗಡಿಯ ರಟ್ಟಿನ ಪೆಟ್ಟಿಗೆ ಇಟ್ಟು ಅದರ ಮೇಲೆ ಹೊದಿಕೆ ಎಳೆದುಕೊಳ್ಳುತ್ತೇನೆ. ನಿದ್ದೆಗೆಟ್ಟ ಮರುದಿನ ಉರಿ ಜಾಸ್ತಿ, ಯಾಕೆಂದರೆ ನೋವನ್ನು ತಗ್ಗಿಸುವ ಮಿದುಳಿನ ಸ್ವಂತ ವ್ಯವಸ್ಥೆ ನಿದ್ದೆಯಿಲ್ಲದೆ ಸೋಲುತ್ತದೆ. ಮಲಗುವ ಹೊತ್ತು ಒಂದೇ ಇರಲಿ, ಸಂಜೆ ಮೇಲೆ ಚಹಾ ಬೇಡ. ನಡಿಗೆಯನ್ನು ನೋವಿನ ಮೇಲೆ ಬಿಡಬೇಡಿ: ಇಂದು ಹಾಯಾಗಿದೆ ಎಂದು ಮಾರಿಕಾಂಬಾ ಜಾತ್ರೆಯಿಡೀ ತಿರುಗಿ ನಾಳೆ ಹಾಸಿಗೆ ಹಿಡಿಯುವ ಬದಲು, ದಿನವೂ ಒಂದಿಷ್ಟೇ ದೂರ ನಡೆದು ವಾರವಾರಕ್ಕೆ ಚೂರು ಏರಿಸಿ. ಪಾದ ನಡೆದರೂ ಅನಾಹುತವಾಗಲಿಲ್ಲ ಎಂಬುದನ್ನು ಮಿದುಳು ಹಾಗೆಯೇ ಕಲಿಯುವುದು. ಮನಸ್ಸು ಕುಸಿದಿದ್ದರೆ ಕೌನ್ಸೆಲರ್‌ಗೆ ಹೇಳಿ, ಖಿನ್ನತೆಯೂ ನೋವೂ ಒಂದನ್ನೊಂದು ಹೆಚ್ಚಿಸುತ್ತವೆ.

ನಮ್ಮೂರ ಪಾದಗಳಿಗೆ ಬೇರೆ ಅಪಾಯಗಳಿವೆ. ಬಚ್ಚಲ ಹಂಡೆಯ ನೀರಿಗೆ ಕಾಲಿಡುವ ಮುಂಚೆ ಮೊಣಕೈ ಅದ್ದಿ ನೋಡಿ. ಮರಗಟ್ಟಿದ ಕಾಲಿಗೆ ಬಿಸಿ ತಿಳಿಯುವಾಗ ಬೊಬ್ಬೆ ಎದ್ದಿರುತ್ತದೆ. ಮಳೆಗಾಲದಲ್ಲಿ ತೋಟಕ್ಕಿಳಿದರೆ ಉಂಬಳ ಕಚ್ಚಿದ್ದೂ ಗೊತ್ತಾಗದು, ಬಂದ ಮೇಲೆ ಬೆರಳ ಸಂದಿ ಬಿಡಿಸಿ ನೋಡಿ, ಒರೆಸಿ ಒಣಗಿಸಿ. ಕಾರವಾರದ ಕಡಲತೀರದಲ್ಲಿ ಮಧ್ಯಾಹ್ನದ ಮರಳಿಗೆ ಬರಿಗಾಲು ಬೇಡ. ಒಡೆದ ಹಿಮ್ಮಡಿಗೆ ಮುರುಗಲ ತುಪ್ಪ ನನಗೆ ಒಗ್ಗಿದೆ, ಆದರೆ ಅದು ಚರ್ಮಕ್ಕೆ, ನರಕ್ಕಲ್ಲ. ಮೆಣಸಿನಲ್ಲಿರುವ ಕ್ಯಾಪ್ಸೈಸಿನ್‌ನ ಶೇ 8ರ ಪಟ್ಟಿ ಈ ನೋವಿಗೆ ಪ್ರಯೋಗದಲ್ಲಿ ನೆರವಾಗಿದೆ ಎಂದು ಕೇಳಿ ಯಾರೂ ಮೆಣಸಿನಪುಡಿ ತಿಕ್ಕಬೇಡಿ! ಆ ಪಟ್ಟಿ ಹಚ್ಚುವುದು ವೈದ್ಯರ ಕೈಯಲ್ಲಿ ಮಾತ್ರ.

ಉರಿ ಒಂದೇ ಕಾಲಿಗಿದ್ದರೆ, ಕಾಲು ದಿಢೀರನೆ ಬಲ ಕಳೆದುಕೊಂಡರೆ, ಮೂತ್ರ ಹಿಡಿತ ತಪ್ಪಿದರೆ, ಬೆನ್ನುನೋವಿನ ಜೊತೆ ಜ್ವರ ಬಂದರೆ, ಪಾದದ ಹುಣ್ಣು ವಾಸಿಯಾಗದಿದ್ದರೆ ಇದು ಬೇರೆ ಕಾಯಿಲೆ ಇರಬಹುದು. ಮುಂದಿನ ಎಆರ್‌ಟಿ ತಾರೀಖಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.