ಝೋನ್ ನಾಲ್ಕು, ಟ್ರಾನ್ಸ್‌ಫಾರ್ಮರ್ ಒಂದು: ಸ್ಮಾರ್ಟ್ ಥರ್ಮೋಸ್ಟಾಟ್‌ಗೆ ಕರೆಂಟ್ ಕೊಡುವ ಬಗೆ

ಬಾಯ್ಲರ್ ಕಾಯಿಸಿದ ನೀರಿನಿಂದ ಬೆಚ್ಚಗಾಗುವ ಮನೆಯನ್ನು ಝೋನ್‌ಗಳೆಂಬ ಭಾಗಗಳಾಗಿ ಹಂಚಿ, ಸಾಮಾನ್ಯವಾಗಿ ಒಂದೊಂದಕ್ಕೂ ಒಂದು ಥರ್ಮೋಸ್ಟಾಟ್, ಒಂದು ವಾಲ್ವ್ ಇಟ್ಟಿರುತ್ತಾರೆ. ಹಳೆಯ ಥರ್ಮೋಸ್ಟಾಟ್ ಬರೀ ಒಂದು ಸ್ವಿಚ್ಚು. ಮನೆಯ ಕರೆಂಟನ್ನು 24 ವೋಲ್ಟ್‌ಗೆ ಇಳಿಸುವ ಟ್ರಾನ್ಸ್‌ಫಾರ್ಮರ್‌ನ ಒಂದು ತುದಿಯಿಂದ ಆರ್ ತಂತಿಯಲ್ಲಿ ಕರೆಂಟ್ ಬಂದು ನಿಂತಿರುತ್ತದೆ. ಕೋಣೆ ತಣ್ಣಗಾದರೆ ಥರ್ಮೋಸ್ಟಾಟ್ ಅದನ್ನು ಡಬ್ಲ್ಯೂ ತಂತಿಗೆ ಕೂಡಿಸುತ್ತದೆ, ಆ ಝೋನ್‌ನ ವಾಲ್ವ್ ತೆರೆದು ಬಿಸಿನೀರು ಹರಿಯುತ್ತದೆ. ಎರಡು ತಂತಿಯಲ್ಲಿ ಕೆಲಸ ಮುಗಿಯಿತು. ಸ್ಮಾರ್ಟ್ ಥರ್ಮೋಸ್ಟಾಟ್‌ಗೆ ಪರದೆಯೂ ವೈ-ಫೈಯೂ ಇರುವುದರಿಂದ ಹಗಲೂ ರಾತ್ರಿ ಕರೆಂಟ್ ಬೇಕು. ಅದಕ್ಕೆ ಟ್ರಾನ್ಸ್‌ಫಾರ್ಮರ್‌ನ ಇನ್ನೊಂದು ತುದಿಯಿಂದ ಬರುವ ಮೂರನೆಯ ತಂತಿ, ಅಂದರೆ ಸಿ ತಂತಿ ಬೇಕು.

ಇಲ್ಲಿ ಹೇಳಿರುವುದೆಲ್ಲ ಉತ್ತರ ಅಮೆರಿಕದ 24 ವೋಲ್ಟ್ ಎಸಿ ವ್ಯವಸ್ಥೆಗೆ ಮಾತ್ರ. ಯುರೋಪಿನ ಬಾಯ್ಲರ್‌ಗಳಲ್ಲಿ ಥರ್ಮೋಸ್ಟಾಟ್ ತಂತಿಯಲ್ಲೇ 230 ವೋಲ್ಟ್ ಇರಬಹುದು. ಗೋಡೆಯಿಂದ ಥರ್ಮೋಸ್ಟಾಟ್ ಬಿಚ್ಚಿದಾಗ ದಪ್ಪ ತಂತಿ ಕಂಡರೆ, ಅಥವಾ ಅದರ ಮೇಲೆ 120 ಇಲ್ಲವೇ 240 ವೋಲ್ಟ್ ಎಂದು ಬರೆದಿದ್ದರೆ, ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಸಿ ತಂತಿ ಇಲ್ಲದೆಯೂ ನಡೆಯುತ್ತದೆ ಎಂದು ಕೆಲವು ಥರ್ಮೋಸ್ಟಾಟ್‌ಗಳ ಡಬ್ಬಿಯ ಮೇಲೆ ಬರೆದಿರುತ್ತದೆ. ಅವು ಡಬ್ಲ್ಯೂ ತಂತಿಯ ಮೂಲಕ, ವಾಲ್ವ್ ಅಥವಾ ರಿಲೇಯನ್ನು (ಕರೆಂಟಿನಿಂದ ಓಡುವ ಸ್ವಿಚ್ಚು) ದಾಟಿ, ಚೂರು ಚೂರೇ ಕರೆಂಟ್ ಕದ್ದು ಒಳಗಿನ ಬ್ಯಾಟರಿ ತುಂಬಿಸಿಕೊಳ್ಳುತ್ತವೆ. ಝೋನ್‌ಗಳಿರುವ ಮನೆಯಲ್ಲಿ ಇದನ್ನು ನೆಚ್ಚಿಕೊಳ್ಳಬೇಡಿ. ಕದ್ದ ಕರೆಂಟ್‌ಗೇ ಸೂಕ್ಷ್ಮವಾದ ರಿಲೇ ಪಟಪಟ ಬಡಿದುಕೊಳ್ಳಬಹುದು. ಎಲ್ಲ ಝೋನ್‌ಗಳನ್ನೂ ಒಂದೆಡೆಯಿಂದ ನಿಯಂತ್ರಿಸುವ ಎಲೆಕ್ಟ್ರಾನಿಕ್ ಝೋನ್ ಪ್ಯಾನೆಲ್ ಅದನ್ನೇ ಶಾಖದ ಕರೆ ಎಂದುಕೊಂಡು ಬೇಡದ ಹೊತ್ತಿನಲ್ಲಿ ಪಂಪ್ ಓಡಿಸಬಹುದು. ಇನ್ನು ಶಾಖ ಬೇಕೆಂದಾಗ ಆರ್ ಮತ್ತು ಡಬ್ಲ್ಯೂ ಕೂಡಿಕೊಂಡಿರುವುದರಿಂದ ಅವುಗಳ ನಡುವೆ ಕದಿಯಲು ವೋಲ್ಟೇಜೇ ಉಳಿಯುವುದಿಲ್ಲ. ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ಬಾಯ್ಲರ್ ಓಡುವಾಗಲೇ ಪರದೆ ಕಪ್ಪಾಗುವುದು ಇದಕ್ಕೇ.

ತಂತಿ ಮುಟ್ಟುವ ಮುನ್ನ ಲೆಕ್ಕ ಹಾಕಿ. ಬಾಯ್ಲರ್ ಪಕ್ಕದ ಟ್ರಾನ್ಸ್‌ಫಾರ್ಮರ್ ಹೆಚ್ಚಾಗಿ 40 ವಿಎ (ವೋಲ್ಟ್-ಆಂಪಿಯರ್, ಅದು ಕೊಡಬಲ್ಲ ಶಕ್ತಿಯ ಅಳತೆ) ಇರುತ್ತದೆ. 24 ವೋಲ್ಟ್‌ನಲ್ಲಿ ಅದು ಸುಮಾರು 1.67 ಆಂಪಿಯರ್. ಹನಿವೆಲ್ ವಿ8043 ಜಾತಿಯ ಮೋಟಾರ್ ವಾಲ್ವ್ 0.32 ಆಂಪಿಯರ್, ಅಂದರೆ 7.7 ವಿಎ ತೆಗೆದುಕೊಳ್ಳುತ್ತದೆ. ನಾಲ್ಕು ವಾಲ್ವ್‌ಗೆ 30.8. ಥರ್ಮೋಸ್ಟಾಟ್ ಒಂದಕ್ಕೆ 3 ವಿಎ ಹಿಡಿದರೆ ನಾಲ್ಕಕ್ಕೆ 12. ಒಟ್ಟು 42.8. ಇಷ್ಟು ವರ್ಷ ತಕರಾರಿಲ್ಲದೆ ನಡೆದ ಟ್ರಾನ್ಸ್‌ಫಾರ್ಮರ್ ಹೊಸ ಥರ್ಮೋಸ್ಟಾಟ್ ಹಾಕಿದ ಕೂಡಲೇ ಬಿಸಿಯೇರಿ ಕೈಕೊಡುವುದು ಹೀಗೆ. ಬೈಗುಳ ಮಾತ್ರ ಪಾಪ ಥರ್ಮೋಸ್ಟಾಟ್‌ಗೆ. ಟ್ಯಾಕೊ 571ರಂಥ, ಒಳಗೆ ಬಿಸಿಯಾಗಿ ಹಿಗ್ಗಿ ತೆರೆಯುವ ವಾಲ್ವ್‌ಗಳಂತೂ 0.9 ಆಂಪಿಯರ್ ತನಕ ಎಳೆಯುತ್ತವೆ. ಅಂಥವನ್ನು ಒಂದು ಟ್ರಾನ್ಸ್‌ಫಾರ್ಮರ್‌ಗೆ ಎಷ್ಟು ಹಾಕಬಹುದು ಎಂದು ತಯಾರಕರ ಹಾಳೆಯಲ್ಲೇ ನೋಡಿ.

ಒಟ್ಟು ಭಾರ ಟ್ರಾನ್ಸ್‌ಫಾರ್ಮರ್‌ನ ಶಕ್ತಿಯ ಶೇ. 80ರೊಳಗೆ ಇರಲಿ. ಮೇಲಿನ ಲೆಕ್ಕಕ್ಕೆ 75 ವಿಎ ಸಾಕು. ಇಲ್ಲವೇ ಎರಡು 40 ವಿಎ ತಂದು ಎರಡೆರಡು ಝೋನ್ ಹಂಚಿ. ಹಂಚುವಾಗ ಎರಡನ್ನೂ ಬೇರೆ ಬೇರೆಯಾಗಿಯೇ ಇಡಿ, ಒಂದಕ್ಕೊಂದು ಕೂಡಿಸಬೇಡಿ. ಆರ್ ತಂತಿ ಹೊರಡುವಲ್ಲಿ ಫ್ಯೂಸ್ ಹಾಕಿ: 40 ವಿಎಗೆ 2 ಆಂಪಿಯರ್, 75 ವಿಎಗೆ 3. ಆರ್ ಮತ್ತು ಸಿ ಒಮ್ಮೆ ತಾಕಿದರೆ ಟ್ರಾನ್ಸ್‌ಫಾರ್ಮರ್ ಬದಲು ಫ್ಯೂಸ್ ಹೋಗುತ್ತದೆ.

ಈಗ ಬಾಯ್ಲರ್‌ಗೆ ಬರುವ ಮುಖ್ಯ ಕರೆಂಟ್ ಆಫ್ ಮಾಡಿ, ಇರುವ ಜೋಡಣೆಯ ಫೋಟೋ ತೆಗೆದುಕೊಳ್ಳಿ. ವಾಲ್ವ್‌ನ ಎರಡು ಹಳದಿ ತಂತಿ ಮೋಟಾರಿನವು: ಒಂದು ಥರ್ಮೋಸ್ಟಾಟ್‌ನ ಡಬ್ಲ್ಯೂಗೆ, ಇನ್ನೊಂದು ನೇರ ಟ್ರಾನ್ಸ್‌ಫಾರ್ಮರ್‌ಗೆ ಹೋಗಿರುತ್ತದೆ. ಎಲ್ಲ ವಾಲ್ವ್‌ಗಳ ಆ ಎರಡನೆಯ ಹಳದಿ ತಂತಿಗಳು ಒಟ್ಟುಸೇರುವ ಜಾಗವೇ ಸಿ. ಥರ್ಮೋಸ್ಟಾಟ್‌ಗಳ ಸಿ ತಂತಿಯನ್ನೂ ಅಲ್ಲಿಗೇ ತಂದು ಸೇರಿಸಿ. ಯಾವ ಟ್ರಾನ್ಸ್‌ಫಾರ್ಮರ್‌ನಿಂದ ಆರ್ ಹೊರಟಿದೆಯೋ ಅದಕ್ಕೇ ಸಿ ಮರಳಬೇಕು. ವಾಲ್ವ್ ಬದಲು ಝೋನ್‌ಗೊಂದು ಪಂಪ್, ಪಂಪ್‌ಗೊಂದು ರಿಲೇ ಇದ್ದು, ಪ್ರತಿ ರಿಲೇಯೊಳಗೂ ಅದರದೇ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮನೆಗಳಲ್ಲಿ ತಪ್ಪುವುದು ಇಲ್ಲೇ: ಪಕ್ಕದ ಝೋನ್‌ನಿಂದ ಸಿ ಎಳೆದರೆ ಸರ್ಕ್ಯೂಟ್ ಪೂರ್ತಿಯಾಗುವುದೇ ಇಲ್ಲ.

ವಾಲ್ವ್‌ನ ಎರಡು ಕೆಂಪು ತಂತಿ ಒಳಗಿನ ಸ್ವಿಚ್ಚಿನವು. ವಾಲ್ವ್ ತೆರೆದ ಮೇಲೆ ಬಾಯ್ಲರ್‌ಗೆ ಹೊತ್ತಿಕೊಳ್ಳಲು ಹೇಳುವ ಟಿ-ಟಿ ಟರ್ಮಿನಲ್‌ಗಳನ್ನು ಕೂಡಿಸುವುದು ಅವುಗಳ ಕೆಲಸ. ಟಿ-ಟಿಗೆ ಬಾಯ್ಲರ್‌ನದೇ 24 ವೋಲ್ಟ್ ಇರುತ್ತದೆ. ಅಲ್ಲಿಗೆ ಝೋನ್ ಟ್ರಾನ್ಸ್‌ಫಾರ್ಮರ್‌ನ ಯಾವ ತಂತಿಯೂ ಹೋಗಕೂಡದು. ಎರಡು ಟ್ರಾನ್ಸ್‌ಫಾರ್ಮರ್ ಎದುರುಬದುರಾಗಿ ಸೇರಿದರೆ 48 ವೋಲ್ಟ್ ಆಗಿ ಬಾಯ್ಲರ್‌ನ ಬೋರ್ಡ್ ಸುಡಬಹುದು. ಮೂರೇ ಟರ್ಮಿನಲ್‌ನ ವಾಲ್ವ್‌ಗಳಲ್ಲಿ ಮೋಟಾರಿಗೂ ಸ್ವಿಚ್ಚಿಗೂ ಒಂದು ಟರ್ಮಿನಲ್ ಹಂಚಿಕೆಯಾಗಿರುವುದರಿಂದ, ಟಿ-ಟಿಗೆ ಮುನ್ನ ನಡುವೆ 24 ವೋಲ್ಟ್‌ನದೊಂದು ರಿಲೇ ಹಾಕಿ.

ಗೋಡೆಯೊಳಗಿನ ಕೇಬಲ್‌ನಲ್ಲಿ ಬಳಸದ ತಂತಿಯೊಂದು ಹಿಂದಕ್ಕೆ ಸುತ್ತಿಕೊಂಡಿದೆಯೇ ಎಂದು ಮೊದಲು ಹುಡುಕಿ. ಬಣ್ಣ ನಂಬಬೇಡಿ, ಎರಡೂ ತುದಿಯನ್ನು ಮೀಟರಿನಿಂದ ಹೊಂದಿಸಿ. ಇಲ್ಲದಿದ್ದರೆ 18 ಗೇಜಿನ ಐದು ತಂತಿಯ ಹೊಸ ಕೇಬಲ್ ಎಳೆಯುವುದೇ ಒಳ್ಳೆಯದು. ಹಳೆಯದಕ್ಕೆ ಮೊಳೆ ಹೊಡೆದಿರದಿದ್ದರೆ ಅದರ ತುದಿಗೇ ಹೊಸದನ್ನು ಕಟ್ಟಿ ಜಗ್ಗಬಹುದು. ಅದೂ ಆಗದಿದ್ದರೆ ಥರ್ಮೋಸ್ಟಾಟ್ ಹತ್ತಿರದ ಸಾಕೆಟ್‌ಗೆ 24 ವೋಲ್ಟ್ ಎಸಿ ಅಡಾಪ್ಟರ್. ಥರ್ಮೋಸ್ಟಾಟ್‌ನಲ್ಲಿ ಆರ್‌ಸಿ, ಆರ್‌ಎಚ್ ಎಂದು ಎರಡು ಟರ್ಮಿನಲ್ ಬೇರೆ ಬೇರೆಯಾಗಿದ್ದು, ಎರಡು ಟ್ರಾನ್ಸ್‌ಫಾರ್ಮರ್‌ಗೆ ನಡೆಯುತ್ತದೆ ಎಂದು ಕೈಪಿಡಿ ಹೇಳಿದರೆ, ಅವೆರಡನ್ನು ಕೂಡಿಸುವ ತುಂಡು, ಅಂದರೆ ಜಂಪರ್ ತೆಗೆಯಿರಿ. ಸಾಮಾನ್ಯವಾಗಿ ಅಡಾಪ್ಟರ್ ಆರ್‌ಸಿ ಮತ್ತು ಸಿಗೆ, ಬಾಯ್ಲರ್ ಕಡೆಯ ಎರಡು ತಂತಿ ಆರ್‌ಎಚ್ ಮತ್ತು ಡಬ್ಲ್ಯೂಗೆ. ಒಂದೇ ಆರ್ ಇದ್ದರೆ ಅಡಾಪ್ಟರ್ ಆರ್ ಮತ್ತು ಸಿಗೆ ಹೋಗಲಿ, ಡಬ್ಲ್ಯೂ ಮತ್ತು ಸಿ ನಡುವೆ ರಿಲೇಯ ಸುರುಳಿ ಕೂರಲಿ, ಹಳೆಯ ಎರಡು ತಂತಿಯನ್ನು ಆ ರಿಲೇಯ ಸಂಪರ್ಕಗಳು ಕೂಡಿಸಲಿ.

ಕರೆಂಟ್ ಹಾಕಿದ ಮೇಲೆ ಮೀಟರನ್ನು ಎಸಿಗಿಟ್ಟು ಆರ್ ಮತ್ತು ಸಿ ನಡುವೆ ಅಳೆಯಿರಿ. ಯಾವ ಝೋನೂ ಓಡದಿರುವಾಗ 24ರಿಂದ 28 ವೋಲ್ಟ್ ಬರಬೇಕು. ಆಮೇಲೆ ಎಲ್ಲ ಝೋನ್‌ಗಳಿಗೂ ಒಟ್ಟಿಗೆ ಶಾಖ ಕೇಳಿ ಮತ್ತೆ ಅಳೆಯಿರಿ. 21–22ಕ್ಕಿಂತ ಕೆಳಗಿಳಿದರೆ ಟ್ರಾನ್ಸ್‌ಫಾರ್ಮರ್ ಸಾಲದು. ಒಂದೇ ಝೋನ್‌ನಲ್ಲಿ ಶೂನ್ಯ ಬಂದರೆ ಸಿ ತಪ್ಪು ಟ್ರಾನ್ಸ್‌ಫಾರ್ಮರ್‌ಗೆ ಹೋಗಿದೆ, ಇಲ್ಲವೇ ತಂತಿ ಕಳಚಿದೆ. ಥರ್ಮೋಸ್ಟಾಟ್ ಬಳಿ ವೋಲ್ಟೇಜ್ ಸರಿಯಿದ್ದು ಶಾಖ ಕೇಳಿದಾಗ ವಾಲ್ವ್ ತೆರೆದರೂ ಬಾಯ್ಲರ್ ಹೊತ್ತಿಕೊಳ್ಳದಿದ್ದರೆ, ಕೆಂಪು ತಂತಿಗಳ ಸ್ವಿಚ್ ನೋಡಿ. ವರ್ಷಗಟ್ಟಲೆ ದುಡಿದ ವಾಲ್ವ್‌ನಲ್ಲಿ ಅದು ಮೋಟಾರಿಗಿಂತ ಮುಂಚೆ ಸವೆದಿರಬಹುದು.